ಮದ್ದು ಬಿಡುವ ಹೊತ್ತು

ನಾನು ಕೆಲಸ ಮಾಡುವುದು ಮೈಕ್ರೋಗ್ಲಿಯಾ ಎಂಬ ಜೀವಕೋಶದ ಮೇಲೆ. ಮಿದುಳಿನೊಳಗೇ ಇದ್ದುಕೊಂಡು ಮಿದುಳನ್ನು ಕಾಯುವ ರೋಗನಿರೋಧಕ ಕೋಶ ಅದು. ಆಲ್ಝೈಮರ್ ಕಾಯಿಲೆಯಲ್ಲಿ ಅದು ಏನು ಮಾಡುತ್ತದೆ, ಯಾವಾಗ ಮಾಡುತ್ತದೆ ಎಂದು ನೋಡುವುದು ನನ್ನ ದಿನದ ಕೆಲಸ. ಇಷ್ಟು ವರ್ಷ ‘ಏನು’ ಎನ್ನುವುದರ ಹಿಂದೆ ಓಡಿದ್ದೇ ಜಾಸ್ತಿ. ಈಗೀಗ ‘ಯಾವಾಗ’ ಎನ್ನುವುದೇ ನನ್ನನ್ನು ಹೆಚ್ಚು ಕಾಡುತ್ತದೆ. ಅದರ ಬಗ್ಗೆ ಬರೆಯೋಣ ಅಂತ ಕೂತಿದ್ದೇನೆ, ಸ್ವಲ್ಪ ಉದ್ದವಾಗಬಹುದು.

ಮನೆ ಪೈವಳಿಕೆ ಕಡೆ, ಲ್ಯಾಬ್ ತಲಪಾಡಿ ದಾಟಿ ಮಂಗಳೂರಿನ ಕಡೆ. ಕಾಸರಗೋಡಿನ ಈ ತುದಿಯವರಿಗೆ ದೊಡ್ಡ ಆಸ್ಪತ್ರೆ ಬೇಕೆಂದರೆ ಗಡಿ ದಾಟುವುದೇ ಅಭ್ಯಾಸ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ತಲಪಾಡಿ ಗಡಿ ಮುಚ್ಚಿದಾಗ ಅದು ಎಷ್ಟು ದೊಡ್ಡ ಸಂಗತಿ ಅಂತ ಎಲ್ಲರಿಗೂ ಗೊತ್ತಾಯಿತು. ಹೀಗಾಗಿ ಊರಲ್ಲಿ ಯಾರಿಗಾದರೂ ಮರೆವು ಶುರುವಾದರೆ ಒಂದು ಫೋನು ನನಗೂ ಬರುತ್ತದೆ. ನಾನು ಡಾಕ್ಟರಲ್ಲ, ಇಲಿಗಳ ಮಿದುಳು ನೋಡುವವಳು ಎಂದು ಹೇಳಿದರೆ ಯಾರೂ ಕೇಳುವುದಿಲ್ಲ. “ಅದೂ ಮಿದುಳೇ ಅಲ್ವಾ ಮಾರಾಯ್ತಿ” ಎನ್ನುತ್ತಾರೆ. ಸುಳ್ಳೇನೂ ಅಲ್ಲ.

ಮೊದಲು ಹಳೆಯ ಕಥೆ ಸ್ವಲ್ಪ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಔಗುಸ್ಟೆ ಡೀಟರ್ ಎಂಬ 51 ವರ್ಷದ ಹೆಂಗಸನ್ನು ಕರೆತಂದರು. ನೋಡಿದವರು ಡಾ. ಅಲೋಯ್ಸ್ ಆಲ್ಝೈಮರ್. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಹೊರಗೆ ಕಲೆಕಲೆಯಾಗಿ ಕೂತ ವಸ್ತು (ಅಮಿಲಾಯ್ಡ್ ಎಂಬ ಪ್ರೋಟೀನು ಎಂದು ಈಗ ಗೊತ್ತು), ಒಳಗೆ ಸಿಕ್ಕಾದ ನಾರು. ಈ ಎರಡನ್ನೂ ಎಲ್ಲ ಪುಸ್ತಕಗಳು ಹೇಳುತ್ತವೆ. 1907ರ ಪುಟ್ಟ ಬರಹದಲ್ಲಿ ಅವರು ಮೂರನೆಯದೊಂದನ್ನೂ ಬರೆದಿದ್ದರು. ನರಕೋಶಗಳ ಸುತ್ತ ಇರುವ ಗ್ಲಿಯಾ ಕೋಶಗಳಲ್ಲಿ ಕೊಬ್ಬು ತುಂಬಿಕೊಂಡಿದೆ ಎಂದು. ಅದನ್ನು ಬಹಳ ಕಾಲ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಸುಮಾರು ನೂರು ವರ್ಷದ ಮೇಲೆ, ಕಾಯಿಲೆಯ ಅಪಾಯ ಹೆಚ್ಚಿಸುವ ಎಪಿಒಇ4 ಜೀನ್ ಇದ್ದವರ ಮೈಕ್ರೋಗ್ಲಿಯಾಗಳಲ್ಲಿ ಕೊಬ್ಬಿನ ಹನಿಗಳು ಕಂಡಾಗ ಎಲ್ಲರೂ ಹಳೆ ಬರಹವನ್ನು ಮತ್ತೆ ತೆಗೆದು ಓದಿದೆವು.

ಮೈಕ್ರೋಗ್ಲಿಯಾಕ್ಕೆ ಆ ಹೆಸರಿಟ್ಟವರು ಸ್ಪೇನಿನ ಪಿಯೋ ದೆಲ್ ರಿಯೋ ಹೊರ್ತೆಗಾ, 1919ರಲ್ಲಿ. ಬೆಳ್ಳಿಯ ಲವಣದಿಂದ ಬಣ್ಣ ಹಿಡಿಸುವ ಒಂದು ವಿಧಾನವನ್ನು ಅವರು ರೂಢಿಸಿಕೊಂಡಿದ್ದರು, ಅದರಲ್ಲಿ ಈ ಸಣ್ಣ ಕೋಶಗಳು ಕೈಕಾಲು ಚಾಚಿಕೊಂಡು ಚೆನ್ನಾಗಿ ಕಂಡವು. ಇವು ನರಕೋಶಗಳ ವಂಶದವಲ್ಲ, ಹೊರಗಿನಿಂದ ಬಂದವು ಎಂದೂ ಹೇಳಿದರು. ಆ ಮಾತು ಖಚಿತವಾಗಲು 2010 ಬರಬೇಕಾಯಿತು. ಭ್ರೂಣ ಇನ್ನೂ ತೀರಾ ಎಳೆಯದಿರುವಾಗ ಅದರ ಹೊರಗಿನ ಯೋಕ್ ಸ್ಯಾಕ್ ಎಂಬ ಚೀಲದಲ್ಲಿ ಹುಟ್ಟಿ, ಮಿದುಳಿಗೆ ಹೋಗಿ ನೆಲೆಸಿ, ಆಮೇಲೆ ಅಲ್ಲೇ ಮರಿ ಹಾಕುತ್ತ ಜೀವಮಾನ ಕಳೆಯುವ ಕೋಶಗಳು ಇವು ಎಂದು ಇಲಿಗಳಲ್ಲಿ ತೋರಿಸಿದರು. ಅದಕ್ಕೂ ಮೊದಲು, 2005ರಲ್ಲಿ, ಬದುಕಿರುವ ಇಲಿಯ ತಲೆಬುರುಡೆಯ ಮೂಲಕ ಲೇಸರ್ ಸೂಕ್ಷ್ಮದರ್ಶಕ ಇಟ್ಟು ನೋಡಿದವರಿಗೆ ಇನ್ನೊಂದು ಆಶ್ಚರ್ಯ ಕಾದಿತ್ತು. ಸುಮ್ನೆ ಕೂತಿವೆ ಎಂದುಕೊಂಡಿದ್ದ ಮೈಕ್ರೋಗ್ಲಿಯಾಗಳು ಒಂದು ನಿಮಿಷವೂ ಸುಮ್ಮನಿರುತ್ತಿರಲಿಲ್ಲ. ಕೈ ಚಾಚಿ, ಹಿಂದೆ ಎಳೆದು, ಸುತ್ತಮುತ್ತ ಮುಟ್ಟಿ ನೋಡುವುದೇ ಕೆಲಸ.

ಇಷ್ಟಿದ್ದರೂ ಆಲ್ಝೈಮರ್ ಕಾಯಿಲೆಯಲ್ಲಿ ಇವು ಕೊನೆಗೆ ಬಂದು ಹೆಣ ಎತ್ತುವವು ಎಂದೇ ಹೆಚ್ಚಿನವರು ನಂಬಿದ್ದರು. ಅದನ್ನು ಬದಲಿಸಿದ್ದು 2013. ಟ್ರೆಮ್2 ಎಂಬ ಜೀನಿನಲ್ಲಿ ಒಂದು ಅಪರೂಪದ ವ್ಯತ್ಯಾಸ ಇದ್ದವರಿಗೆ ಕಾಯಿಲೆಯ ಅಪಾಯ ಸುಮಾರು ಮೂರು ಪಟ್ಟು ಎಂದು ಎರಡು ತಂಡಗಳು ಒಟ್ಟಿಗೆ ಹೇಳಿದವು. ಮಿದುಳಿನಲ್ಲಿ ಆ ಜೀನು ಕೆಲಸ ಮಾಡುವುದು ಹೆಚ್ಚುಕಡಿಮೆ ಮೈಕ್ರೋಗ್ಲಿಯಾದಲ್ಲಿ ಮಾತ್ರ. ಹುಟ್ಟುವಾಗಲೇ ಬಂದ ಜೀನು ಅದು. ಅಂದರೆ ಈ ಕೋಶದ ನಡತೆ ಕಾಯಿಲೆಗಿಂತ ಮುಂಚಿನದು. ನನ್ನಂಥ ಎಷ್ಟೋ ಜನ ಈ ಕ್ಷೇತ್ರಕ್ಕೆ ಬಂದದ್ದು ಆ ಎರಡು ಪ್ರಬಂಧಗಳ ದೆಸೆಯಿಂದ.

ಅಲ್ಲಿಂದ ಮುಂದೆ ಎಲ್ಲ ಸಲೀಸು ಎಂದುಕೊಂಡಿದ್ದೆವು. ಟ್ರೆಮ್2 ಕೆಟ್ಟರೆ ಅಪಾಯ, ಹಾಗಾದರೆ ಚುರುಕು ಮಾಡಿದರೆ ಲಾಭ, ಅಲ್ವಾ? 2017ರಲ್ಲಿ ಒಂದು ಇಲಿ ಅಧ್ಯಯನ ಬಂತು. ಟ್ರೆಮ್2 ಇಲ್ಲದ ಇಲಿಗಳಲ್ಲಿ, ಎರಡು ತಿಂಗಳ ಪ್ರಾಯದಲ್ಲಿ ನೋಡಿದರೆ ಅಮಿಲಾಯ್ಡ್ ಕಲೆಗಳು ಕಮ್ಮಿ. ಎಂಟು ತಿಂಗಳಲ್ಲಿ ನೋಡಿದರೆ ಜಾಸ್ತಿ. ಅದೇ ಜೀನು, ಅದೇ ಜಾತಿಯ ಇಲಿ, ಪ್ರಾಯ ಬೇರೆ, ಉತ್ತರ ಪೂರ್ತಿ ಉಲ್ಟಾ. ಬೇರೆ ಲ್ಯಾಬಿನವರು ಮೈಕ್ರೋಗ್ಲಿಯಾಗಳನ್ನೇ ಔಷಧಿ ಕೊಟ್ಟು ತೆಗೆದು ನೋಡಿದರು. ತೀರಾ ಮೊದಲೇ ತೆಗೆದರೆ ಮಿದುಳಿನ ಒಳಗೆ ಕಲೆಗಳೇ ಸರಿಯಾಗಿ ಕಟ್ಟಲಿಲ್ಲ, ಆದರೆ ಅಮಿಲಾಯ್ಡ್ ಹೋಗಿ ರಕ್ತನಾಳಗಳ ಗೋಡೆಯಲ್ಲಿ ಕೂತಿತು. ಕಲೆ ಕಟ್ಟಿದ ಮೇಲೆ ತೆಗೆದರೆ ಕಲೆಗಳು ಹಾಗೇ ಉಳಿದವು, ಆದರೆ ನರಕೋಶಗಳು ಸಾಯುವುದು ಕಮ್ಮಿಯಾಯಿತು. ಈ ಕೋಶ ಒಳ್ಳೆಯದೋ ಕೆಟ್ಟದ್ದೋ ಎಂದು ಫೋನಿನಲ್ಲಿ ಕೇಳುವವರಿಗೆ ನಾನು ಏನು ಹೇಳಲಿ? 2024ರ ಕೊನೆಗೆ ಟ್ರೆಮ್2 ಚುರುಕುಗೊಳಿಸುವ ಒಂದು ಪ್ರತಿಕಾಯ (ಆಂಟಿಬಾಡಿ) ಮನುಷ್ಯರ ಮೇಲಿನ ಎರಡನೇ ಹಂತದ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಸುದ್ದಿ ಓದಿದ ದಿನ ಲ್ಯಾಬಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಉರಿಯೂತ ಇಳಿಸುವ ಮಾತ್ರೆಗಳ ಕಥೆಯೂ ಇದೇ. ಸಂಧಿವಾತಕ್ಕೆ ವರ್ಷಗಟ್ಟಲೆ ಅಂಥ ಮಾತ್ರೆ ನುಂಗಿದವರಲ್ಲಿ ಆಲ್ಝೈಮರ್ ಕಮ್ಮಿ ಎಂದು 1990ರ ಹೊತ್ತಿಗೇ ಗಮನಿಸಿದ್ದರು. ಸರಿ, ಹಾಗಾದರೆ ಕೊಟ್ಟೇ ನೋಡೋಣ ಎಂದು 2001ರಲ್ಲಿ ಅಮೆರಿಕದಲ್ಲಿ ಅಡಾಪ್ಟ್ ಎಂಬ ದೊಡ್ಡ ಪರೀಕ್ಷೆ ಶುರುವಾಯಿತು. 70 ದಾಟಿದ, ಮನೆತನದಲ್ಲಿ ಈ ಕಾಯಿಲೆ ಇದ್ದವರಿಗೆ ನ್ಯಾಪ್ರಾಕ್ಸೆನ್, ಸೆಲೆಕಾಕ್ಸಿಬ್ ಕೊಟ್ಟರು. ಹೃದಯಕ್ಕೆ ತೊಂದರೆಯಾದೀತು ಎಂಬ ಭಯದಿಂದ 2004ರಲ್ಲಿ ಮಾತ್ರೆ ನಿಲ್ಲಿಸಿದರು, ರಕ್ಷಣೆ ಏನೂ ಸಿಗಲಿಲ್ಲ. ಸಂಧಿವಾತದವರು ಮಾತ್ರೆ ನುಂಗಿದ್ದು ನಲವತ್ತರಲ್ಲಿ, ಐವತ್ತರಲ್ಲಿ. ಪರೀಕ್ಷೆಯವರು ಕೊಟ್ಟದ್ದು ಎಪ್ಪತ್ತರ ಮೇಲೆ. ಮರೆವು ಹೊರಗೆ ಕಾಣುವುದಕ್ಕೆ ಹದಿನೈದು-ಇಪ್ಪತ್ತು ವರ್ಷ ಮುಂಚೆಯೇ ಅಮಿಲಾಯ್ಡ್ ಕೂರಲು ಶುರುವಾಗುತ್ತದೆ ಎಂದು ಈಗ ಗೊತ್ತಿದೆ. ಆ ಲೆಕ್ಕದಲ್ಲಿ ಎಪ್ಪತ್ತು ಅಂದರೆ ತಡ.

ಇದನ್ನು ನನ್ನ ದೊಡ್ಡಪ್ಪನಿಗೆ ಹೇಳುವಾಗ ನಾನು ಹೆಚ್ಚು ಕಷ್ಟಪಡಲಿಲ್ಲ. ಅವರು ಅಡಿಕೆ ಕೃಷಿಕರು. ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ಬಿಡಬೇಕು, ನಲವತ್ತು-ನಲವತ್ತೈದು ದಿನ ಕಳೆದು ಬಿಸಿಲು ನೋಡಿಕೊಂಡು ಇನ್ನೊಂದು ಸಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗದ ಬೆನ್ನು ಹತ್ತಿದಂದಿನಿಂದ ಮದ್ದು ಅದೇ. ಮದ್ದು ಬದಲಾಗಿಲ್ಲ, ಆದರೂ ಕೆಲವು ವರ್ಷ ಅರ್ಧ ಫಸಲು ಉದುರುತ್ತದೆ, ಕೆಲವು ವರ್ಷ ಉಳಿಯುತ್ತದೆ. ಜನ ಸಿಗಲಿಲ್ಲ, ಮಳೆ ಬಿಡಲಿಲ್ಲ, ಹತ್ತು ದಿನ ತಡವಾಯಿತು, ಮುಗಿಯಿತು. ಕಾಯಿ ಉದುರಲು ಶುರುವಾದ ಮೇಲೆ ಎಷ್ಟು ಬಿಟ್ಟರೂ ಆ ಗೊನೆ ವಾಪಸ್ ಬರುವುದಿಲ್ಲ. “ಹಾಗಾದರೆ ನಿಮ್ಮವರು ಗೊನೆ ಉದುರಿದ ಮೇಲೆ ಮದ್ದು ಬಿಟ್ಟು ಮದ್ದು ಸರಿ ಇಲ್ಲ ಅಂತ ಹೇಳುವುದಾ?” ಎಂದು ದೊಡ್ಡಪ್ಪ ಕೇಳಿದರು. ನಮ್ಮ ಕ್ಷೇತ್ರದ ಮೂವತ್ತು ವರ್ಷದ ಇತಿಹಾಸವನ್ನು ಇಷ್ಟು ಚಿಕ್ಕದಾಗಿ ಯಾವ ಸಮ್ಮೇಳನದಲ್ಲೂ ನಾನು ಕೇಳಿಲ್ಲ. ಒಂದು ವ್ಯತ್ಯಾಸ ಉಂಟು ಎಂದೆ. ನಿಮಗೆ ಮಳೆ ಯಾವಾಗ ಅಂತ ಗೊತ್ತು, ನಮಗೆ ಗೊತ್ತಾಗುವುದಿಲ್ಲ.

ಇನ್ನು ಲ್ಯಾಬಿನ ಒಳಗಿನ ಮಾತು. ಇಲ್ಲಿಯೂ ಹೊತ್ತಿನದೇ ಜಗಳ. ಹುಟ್ಟಿ ಒಂದೆರಡು ದಿನವಾದ ಇಲಿಮರಿಗಳ ಮಿದುಳಿನಿಂದ ಕೋಶಗಳನ್ನು ಬಿಡಿಸಿ, ಫ್ಲಾಸ್ಕಿನಲ್ಲಿ ಹಾಕಿ, 37 ಡಿಗ್ರಿಯಲ್ಲಿ ಶೇ 5 ಇಂಗಾಲದ ಡೈಆಕ್ಸೈಡ್ ಕೊಟ್ಟು ಬೆಳೆಸುತ್ತೇವೆ. ಸುಮಾರು ಎರಡು ವಾರದಲ್ಲಿ ಕೆಳಗೆ ಆಸ್ಟ್ರೋಸೈಟು ಎಂಬ ಇನ್ನೊಂದು ಬಗೆಯ ಗ್ಲಿಯಾ ಕೋಶಗಳ ಹಾಸು, ಮೇಲೆ ದುಂಡಗೆ ಹೊಳೆಯುವ ಮೈಕ್ರೋಗ್ಲಿಯಾ. ಫ್ಲಾಸ್ಕನ್ನು ಅಲುಗಾಡಿಸಿದರೆ ಮೇಲಿನವು ಬಿಡಿಸಿಕೊಳ್ಳುತ್ತವೆ. ಅವುಗಳಿಗೆ ಬ್ಯಾಕ್ಟೀರಿಯಾದ ಗೋಡೆಯ ಚೂರು, ಅಂದರೆ ಎಲ್‌ಪಿಎಸ್, ಅಥವಾ ಅಮಿಲಾಯ್ಡ್ ಹಾಕಿ, ಟಿಎನ್‌ಎಫ್, ಐಎಲ್-6 ಎಂಬ ಉರಿಯೂತದ ಪ್ರೋಟೀನುಗಳನ್ನು ಎಷ್ಟು ಬಿಟ್ಟವು ಎಂದು ಎಲೈಸಾ ಎಂಬ ಪರೀಕ್ಷೆಯಲ್ಲಿ ಅಳೆಯುತ್ತೇವೆ. ನೋಡಲು ಬಹಳ ಅಚ್ಚುಕಟ್ಟು. ತೊಂದರೆ ಏನೆಂದರೆ ಇವು ಎಳೆ ಮಗುವಿನ ಕೋಶಗಳು, ನಾವು ಕೇಳುತ್ತಿರುವುದು ಮುದುಕರ ಪ್ರಶ್ನೆ. ಸಾಲದ್ದಕ್ಕೆ ಮಿದುಳಿನಿಂದ ಹೊರಗೆ ತೆಗೆದ ಕೆಲವೇ ಗಂಟೆಗಳಲ್ಲಿ ಮೈಕ್ರೋಗ್ಲಿಯಾ ತನ್ನ ಗುರುತಿನ ಎಷ್ಟೋ ಜೀನುಗಳನ್ನು ಆರಿಸಿಬಿಡುತ್ತದೆ ಎಂದು 2017ರಲ್ಲಿ ಎರಡು ತಂಡಗಳು ತೋರಿಸಿದವು. ಬಿವಿ-2 ಎಂಬ ಸಿದ್ಧ ಕೋಶಸಾಲು ಬಳಸಿದರೆ ಕೆಲಸ ಇನ್ನೂ ಸುಲಭ, ಅಗ್ಗ. 1990ರಲ್ಲಿ ಇಲಿಯ ಕೋಶಕ್ಕೆ ವೈರಸ್ ಮೂಲಕ ಕ್ಯಾನ್ಸರ್ ಜೀನು ಸೇರಿಸಿ ಮಾಡಿದ್ದು ಅದು. ನಾವೂ ಬಳಸುತ್ತೇವೆ, ದುಡ್ಡು ಕಮ್ಮಿ ಇರುವಾಗ ಬೇರೆ ದಾರಿ ಇಲ್ಲ. ಆದರೆ ಬಿವಿ-2ರಲ್ಲಿ ಮಾತ್ರ ನೋಡಿ ‘ಈ ಕಷಾಯ ಆಲ್ಝೈಮರ್ ತಡೆಯುತ್ತದೆ’ ಎಂದು ಬರೆಯುವ ಪ್ರಬಂಧಗಳನ್ನು ನಾನು ನಂಬುವುದಿಲ್ಲ. ನಮ್ಮ ದೇಶದಲ್ಲಿ ಅವು ವಾರಕ್ಕೊಂದು ಬರುತ್ತವೆ.

ಮೈಕ್ರೋಗ್ಲಿಯಾ ಬಹಳ ಬೇಗ ಸಿಡುಕುತ್ತವೆ, ಅದೂ ಒಂದು ಕಾಟ. ಕೋಶ ಬೆಳೆಸಲು ಹಾಕುವ ಸೀರಮ್ಮಿನಲ್ಲಿ ಒಂದಿಷ್ಟು ಎಂಡೋಟಾಕ್ಸಿನ್, ಅಂದರೆ ಅದೇ ಎಲ್‌ಪಿಎಸ್, ಸೇರಿದ್ದರೆ ಸಾಕು, ನಾವು ಏನನ್ನೂ ಹಾಕದೆಯೇ ಅವು ಎದ್ದು ಕೂತಿರುತ್ತವೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೂ ಹೀಗೇ, ಇನ್‌ಕ್ಯುಬೇಟರ್ ತಣ್ಣಗಾಗಿ ಬಿಸಿಯಾದ ದಿನದ ಅಂಕಿಗಳನ್ನು ನಾನು ಪಕ್ಕಕ್ಕಿಡುತ್ತೇನೆ. ಹೊರದೇಶದಿಂದ ಡ್ರೈ ಐಸ್‌ನಲ್ಲಿ ಬರುವ ಪ್ರತಿಕಾಯ ಕಸ್ಟಮ್ಸ್‌ನಲ್ಲಿ ಕೂತರೆ ಏನಾಗುತ್ತದೆ ಎಂದು ಬರೆಯಲು ಹೋದರೆ ಈ ಬರಹ ಮುಗಿಯುವುದಿಲ್ಲ, ಬಿಡಿ.

ವಯಸ್ಸಾದ ಇಲಿ ಬೇಕೆಂದರೆ ಕಾಯಬೇಕು. ಹದಿನೆಂಟು ತಿಂಗಳು, ಎರಡು ವರ್ಷ. ಪ್ರಾಜೆಕ್ಟಿನ ದುಡ್ಡು ಸಾಮಾನ್ಯವಾಗಿ ಮೂರು ವರ್ಷಕ್ಕೆ. ಮೊದಲ ವರ್ಷ ಎಥಿಕ್ಸ್ ಕಮಿಟಿ, ಖರೀದಿ, ಜನ ಸೇರಿಸುವುದರಲ್ಲಿ ಹೋಗುತ್ತದೆ. ಹಾಗಾಗಿ ಎಲ್ಲರೂ 5ಎಕ್ಸ್‌ಎಫ್‌ಎಡಿ ಎಂಬ ಇಲಿಯ ಹಿಂದೆ ಹೋಗುತ್ತೇವೆ. ಮನುಷ್ಯರಲ್ಲಿ ಆಲ್ಝೈಮರ್ ತರುವ ಐದು ಜೀನ್ ರೂಪಾಂತರಗಳನ್ನು ಒಂದೇ ಇಲಿಗೆ ತುರುಕಿ ಮಾಡಿದ್ದು, ಎರಡು ತಿಂಗಳಲ್ಲೇ ಕಲೆ ಬೀಳುತ್ತದೆ. ಬೇಗ ಆಗುತ್ತದೆ ಎಂಬುದೇ ಅದರ ಗುಣ. ಇಪ್ಪತ್ತು ವರ್ಷ ನಿಧಾನವಾಗಿ ಕೂರುವ ಕಾಯಿಲೆಯನ್ನು ಎಂಟು ವಾರಕ್ಕೆ ಒತ್ತಿ ಇಟ್ಟರೆ ರೋಗನಿರೋಧಕ ಕೋಶ ಅದೇ ರೀತಿ ನಡೆದುಕೊಳ್ಳುತ್ತದೆಯೇ? ನಾನು ಒಪ್ಪುವುದಿಲ್ಲ. ಇನ್ನೊಂದು ತುದಿಯಲ್ಲಿ ತೀರಿಕೊಂಡವರ ಮಿದುಳು. ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಬ್ಯಾಂಕ್ ಇದೆ, ದಾನ ಕೊಟ್ಟ ಮನೆಯವರಿಗೆ ಎಷ್ಟು ನಮಸ್ಕಾರ ಹೇಳಿದರೂ ಸಾಲದು. ಆದರೆ ಅದು ಕೊನೆಯ ಪುಟ. ನಡುವಿನ ಪುಟಗಳನ್ನು ನಮ್ಮಲ್ಲಿ ಯಾರೂ ನೋಡಿದ್ದಿಲ್ಲ ಎನ್ನುವಷ್ಟು ಕಮ್ಮಿ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಯವರನ್ನು, ಇನ್ನೂ ಏನೂ ಆಗದಿರುವಾಗಲೇ, ವರ್ಷ ವರ್ಷ ನೋಡುತ್ತ ಹೋಗುವ ಒಂದು ಅಧ್ಯಯನ ನಡೆಯುತ್ತಿದೆ. ಅಂಥ ಕೆಲಸಕ್ಕೆ ಹೆಸರು ಬರುವುದು ನಿಧಾನ. ನನ್ನ ಮಟ್ಟಿಗೆ ನೂರು ಎಲೈಸಾಕ್ಕಿಂತ ಅದು ದೊಡ್ಡದು.

ಕಾಸರಗೋಡಿನಲ್ಲಿ ಹಾಗೆ ಮಾಡಬೇಕೆಂದು ನನಗೆ ಆಸೆ. ಕಾರಣ ಒಂದಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನರಗಳ ಆವೇಗವನ್ನು ತಣಿಸುವ ಗಾಬಾ ಗ್ರಾಹಕಗಳನ್ನು ಕಟ್ಟಿಹಾಕುವ ವಿಷ ಅದು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲೇ ಅದನ್ನು ನಿಲ್ಲಿಸಿತು. ಎಣ್ಮಕಜೆಯ ಮಕ್ಕಳ ಫೋಟೋಗಳನ್ನು ದೇಶವೇ ನೋಡಿದೆ. ಆಗ ತೋಟದ ಪಕ್ಕದಲ್ಲಿ ಮೂವತ್ತು-ನಲವತ್ತರ ಪ್ರಾಯದಲ್ಲಿದ್ದವರು ಈಗ ಎಪ್ಪತ್ತು-ಎಂಬತ್ತರವರು, ಅವರ ಕಡೆ ಕ್ಯಾಮೆರಾ ತಿರುಗಲಿಲ್ಲ. ಮರೆವು ಬಂದ ಪ್ರತಿಯೊಬ್ಬರ ಮನೆಯಲ್ಲೂ “ಅದೇ ಮದ್ದಿನಿಂದ ಆಗಿರಬಹುದಾ?” ಎಂದು ಕೇಳುತ್ತಾರೆ. ಹೌದು ಎಂದು ಹೇಳಿ ಜನಪ್ರಿಯಳಾಗುವುದು ಸುಲಭ. ಅವರ ರಕ್ತ, ಅವರ ನೆನಪು, ಅವರ ವಯಸ್ಸು ಇವನ್ನು ಒಟ್ಟಿಗೆ ವರ್ಷಗಟ್ಟಲೆ ಬರೆದಿಟ್ಟರೆ ಮಾತ್ರ ಆ ಪ್ರಶ್ನೆಗೆ ಮರ್ಯಾದೆ ಕೊಟ್ಟಂತೆ.

ಇನ್ನೊಂದು ಕಾರಣ ಭಾಷೆ. ಪಕ್ಕದ ಮನೆಯ ಅಜ್ಜಿಯನ್ನು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಾನೂ ಇದ್ದೆ. ಚಿಕ್ಕ ಪ್ರಾಯದ ಡಾಕ್ಟರು ನೆನಪಿನ ಪರೀಕ್ಷೆ ಮಾಡಿದರು. “ಇದು ಯಾವ ತಿಂಗಳು ಅಜ್ಜಿ?” “ಆಟಿ.” “ತಾರೀಕು?” “ಹತ್ತು.” ಹೊರಗೆ ಜುಲೈ ಕೊನೆಯ ವಾರದ ಮಳೆ ಸುರಿಯುತ್ತಿತ್ತು, ಅಜ್ಜಿಯ ತುಳು ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ. ಎರಡಕ್ಕೂ ಸೊನ್ನೆ ಬಿತ್ತು. ನಾನು ಹೇಳಿದ ಮೇಲೆ ಅವರು ನಕ್ಕು ತಿದ್ದಿದರು, ಒಳ್ಳೆಯವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತಿನಲ್ಲಿ ಮಲಯಾಳ ಎಂಬ ಊರಿನಲ್ಲಿ ಯಾವ ಭಾಷೆಯಲ್ಲಿ ಕೇಳಬೇಕು ಎನ್ನುವುದನ್ನು ಮೊದಲು ನಿರ್ಧರಿಸಬೇಕು. ಇಲ್ಲದಿದ್ದರೆ ಮೊದಲೇ ಪತ್ತೆ ಮಾಡುತ್ತೇವೆ ಎಂಬ ಮಾತು ಬರೀ ಮಾತು.

ಹಾಗೆಂದು ಭಾಷೆ ಜಾಸ್ತಿ ಇದ್ದರೆ ನಷ್ಟವೇನಲ್ಲ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಡಿಮೆನ್ಷಿಯಾ, ಅಂದರೆ ಆಲ್ಝೈಮರ್ ಮತ್ತು ಅಂಥ ಮರೆವಿನ ಕಾಯಿಲೆ, ಇದ್ದ 648 ಮಂದಿಯನ್ನು ನೋಡಿ 2013ರಲ್ಲಿ ಬರೆದರು: ಎರಡು ಭಾಷೆ ಆಡುವವರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಹಾಗೇ. ಈ ಸುದ್ದಿ ಹೇಳಿದರೆ ನಮ್ಮೂರವರಿಗೆ ಭಾರೀ ಖುಷಿ, ನಮ್ಮದು ಸಪ್ತಭಾಷಾ ಸಂಗಮ ಭೂಮಿ ಅಲ್ವಾ. ಎರಡಕ್ಕಿಂತ ಹೆಚ್ಚು ಭಾಷೆ ಇದ್ದರೆ ಹೆಚ್ಚಿನ ಲಾಭ ಕಾಣಲಿಲ್ಲ ಎನ್ನುವ ಮುಂದಿನ ಸಾಲನ್ನು ನಾನು ಮೆಲ್ಲಗೆ ಹೇಳುತ್ತೇನೆ.

ಹೊಸ ಔಷಧಿಗಳ ಬಗ್ಗೆ ಕೇಳದೆ ಯಾರೂ ಫೋನು ಇಡುವುದಿಲ್ಲ. ಲೆಕಾನೆಮ್ಯಾಬ್ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಈ ಪ್ರತಿಕಾಯ ಅಮಿಲಾಯ್ಡಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಬಂದು ತಿಂದು ತೆಗೆಯುವುದರಲ್ಲಿ ನಮ್ಮ ಮೈಕ್ರೋಗ್ಲಿಯಾದ್ದೇ ದೊಡ್ಡ ಪಾಲು. ಹದಿನೆಂಟು ತಿಂಗಳ ಪರೀಕ್ಷೆಯಲ್ಲಿ ಬುದ್ಧಿಶಕ್ತಿಯ ಇಳಿಮುಖ ಶೇ 27ರಷ್ಟು ನಿಧಾನವಾಯಿತು. ವಾಸಿಯಾಗಲಿಲ್ಲ, ನಿಧಾನವಾಯಿತು. ಎಂಟರಲ್ಲಿ ಒಬ್ಬರಿಗೆ ಮಿದುಳಿನಲ್ಲಿ ಬಾವು ಸ್ಕ್ಯಾನಿನಲ್ಲಿ ಕಂಡಿತು. ರೋಗನಿರೋಧಕ ವ್ಯವಸ್ಥೆಯನ್ನು ಮಿದುಳಿನೊಳಗೆ ಎಬ್ಬಿಸುವುದು ಹುಡುಗಾಟವಲ್ಲ. 2002ರಲ್ಲಿ ಅಮಿಲಾಯ್ಡ್ ವಿರುದ್ಧದ ಎಎನ್1792 ಎಂಬ ಲಸಿಕೆಯ ಪರೀಕ್ಷೆಯನ್ನು ನಡುವೆ ನಿಲ್ಲಿಸಬೇಕಾಗಿತ್ತು, ಲಸಿಕೆ ಪಡೆದವರಲ್ಲಿ ಶೇ 6ರಷ್ಟು ಮಂದಿಗೆ ಮಿದುಳಿನ ಉರಿಯೂತ ಬಂದಿತ್ತು. ಎರಡು ವಾರಕ್ಕೊಮ್ಮೆ ಡ್ರಿಪ್, ಮತ್ತೆ ಮತ್ತೆ ಎಂಆರ್‌ಐ, ಇದೆಲ್ಲ ನಮ್ಮ ಊರಿನ ಅಜ್ಜಿಗೆ ಹೇಗೆ? ಅದಕ್ಕಿಂತ ನನ್ನ ತಲೆ ಕೆಡಿಸಿದ್ದು 2025ರಲ್ಲಿ ಬಂದ ವೇಲ್ಸ್‌ನ ಅಧ್ಯಯನ. ಅಲ್ಲಿ ಸರ್ಪಸುತ್ತಿನ ಲಸಿಕೆಯನ್ನು 1933ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಕೊಟ್ಟಿದ್ದರು. ಒಂದು ವಾರ ಹಿಂದೆಮುಂದೆ ಹುಟ್ಟಿದವರನ್ನು ಹೋಲಿಸಿದರೆ, ಏಳು ವರ್ಷದಲ್ಲಿ ಲಸಿಕೆ ಪಡೆದವರಲ್ಲಿ ಡಿಮೆನ್ಷಿಯಾ ಸುಮಾರು ಐದನೇ ಒಂದು ಪಾಲು ಕಮ್ಮಿ. ಚರ್ಮದ ಮೇಲಿನ ಗುಳ್ಳೆಯ ಲಸಿಕೆ, ಫಲ ಮಿದುಳಿನಲ್ಲಿ. ನಮ್ಮ ಮುಂದಿನ ಪ್ರಾಜೆಕ್ಟಿನ ಅರ್ಜಿಯಲ್ಲಿ ಈ ಪ್ರಶ್ನೆಗೆ ಎರಡು ಪುಟ ಕೊಟ್ಟಿದ್ದೇವೆ, ಎದ್ದ ಮೈಕ್ರೋಗ್ಲಿಯಾ ಮತ್ತೆ ಮಲಗುವುದು ಯಾವಾಗ ಎಂದು ನೋಡಲು ಒಂದೇ ಗುಂಪಿನ ಇಲಿಗಳನ್ನು ಬೇರೆ ಬೇರೆ ಪ್ರಾಯದಲ್ಲಿ ನೋಡುವ ಯೋಜನೆ. ಐದು ವರ್ಷ ಕೇಳಿದ್ದೇವೆ. ಮೂರು ಕೊಡುತ್ತಾರೆ, ನೋಡಿ ಬೇಕಾದರೆ.

2025ರ ಮೇಯಲ್ಲಿ ಆಲ್ಝೈಮರ್ ಪತ್ತೆಗೆ ನೆರವಾಗುವ ರಕ್ತಪರೀಕ್ಷೆಗೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈ ಸುದ್ದಿಯನ್ನು ದೊಡ್ಡಪ್ಪನಿಗೆ ಉತ್ಸಾಹದಿಂದ ಹೇಳಿದೆ. “ಮೊದಲೇ ಗೊತ್ತಾಗಿ ಎಂತ ಮಾಡುವುದು? ಬಿಡಲಿಕ್ಕೆ ಮದ್ದು ಬೇಡವಾ?” ಎಂದರು. ಬಿಪಿ, ಶುಗರ್ ಸರಿ ಇಟ್ಟುಕೊಳ್ಳುವುದು, ಸಿಗರೇಟು ಬಿಡುವುದು, ಕಿವಿ ನೋಡಿಕೊಳ್ಳುವುದು ಎಂದೆ. ಇಂಥ ಹದಿನಾಲ್ಕು ಕಾರಣಗಳನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು 2024ರ ಲ್ಯಾನ್ಸೆಟ್ ಆಯೋಗದ ಅಂದಾಜು. ಅದರಲ್ಲಿ ಕಿವಿಯದು ದೊಡ್ಡ ಪಾಲು. 2023ರ ಒಂದು ಪರೀಕ್ಷೆಯಲ್ಲಿ, ಅಪಾಯ ಜಾಸ್ತಿ ಇದ್ದ ಗುಂಪಿನವರಿಗೆ ಶ್ರವಣಯಂತ್ರ ಕೊಟ್ಟಾಗ ಮೂರು ವರ್ಷದಲ್ಲಿ ಬುದ್ಧಿಶಕ್ತಿ ಇಳಿಯುವುದು ಹತ್ತಿರ ಹತ್ತಿರ ಅರ್ಧಕ್ಕೆ ಬಂತು. ಆರೋಗ್ಯ ಚೆನ್ನಾಗಿದ್ದವರಲ್ಲಿ ವ್ಯತ್ಯಾಸ ಕಾಣಲಿಲ್ಲ.

ದೊಡ್ಡಪ್ಪನಿಗೆ ಶ್ರವಣಯಂತ್ರ ಕೊಡಿಸಿಯಾಗಿದೆ. ಕಪಾಟಿನಲ್ಲಿದೆ. ಹಾಕಿಕೊಂಡರೆ ಅಡಿಕೆ ಸುಲಿಯುವ ಮೆಷಿನಿನ ಶಬ್ದ ತಲೆ ಒಡೆಯುತ್ತದಂತೆ. ಶಬ್ದ ತಗ್ಗಿಸಿ ಹೊಂದಿಸಿ ಕೊಡುತ್ತಾರೆ, ಇನ್ನೊಂದು ಸಲ ಮಂಗಳೂರಿಗೆ ಹೋಗಿ ಬರೋಣ ಎಂದು ನಾನು. ನೋಡುವ ಎಂದು ಅವರು.